ಕೆಲಸಕ್ಕೆ ಮುನ್ನ ಮೂತ್ರ ಪರೀಕ್ಷೆ: ಅಮೆರಿಕದ ರಾಜ್ಯ ಕಾನೂನುಗಳು ಹೇಳುವುದೇನು?

ಗಸಗಸೆ ಪಾಯಸ ಉಂಡರೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಗಸಗಸೆ ತಿಂದವರ ಮೂತ್ರದಲ್ಲಿ ಮಾರ್ಫೀನ್ ಪತ್ತೆಯಾಗಬಹುದು ಎಂಬುದು ನಿಮಗೆ ಗೊತ್ತೆ? ಗಸಗಸೆ ಎಂದರೆ ಅಫೀಮು ಗಿಡದ ಬೀಜ. ಕಾಯಿಯ ಹಾಲಿನ ಅಂಶ ಬೀಜದ ಹೊರಮೈಗೆ ಅಂಟಿಕೊಂಡಿರುತ್ತದೆ. ತೊಳೆದು ಹುರಿದಾಗ ಅದು ಕಡಿಮೆಯಾದರೂ ಪೂರ್ತಿ ಹೋಗುತ್ತದೆ ಎನ್ನುವಂತಿಲ್ಲ. ಅಡುಗೆಮನೆಯಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ಆದರೆ ಅಮೆರಿಕದಲ್ಲಿ ಅನೇಕ ಕಂಪನಿಗಳು ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ಅಭ್ಯರ್ಥಿಯ ಮೂತ್ರ ಪರೀಕ್ಷಿಸುತ್ತವೆ. ಅಲ್ಲಿಗೆ ದುಡಿಯಲು ಹೋಗುವ ಕನ್ನಡಿಗರಿಗೂ ಇದು ತಪ್ಪಿದ್ದಲ್ಲ. ಆ ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡೋಣ.

ಆರಂಭವಾದದ್ದು ಹೇಗೆ?

1986ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಕೇಂದ್ರ ಸರ್ಕಾರದ ನೌಕರರು ಮಾದಕ ವಸ್ತುಗಳಿಂದ ದೂರವಿರಬೇಕೆಂದು ಆದೇಶ ಹೊರಡಿಸಿದರು. 1987ರ ಜನವರಿಯಲ್ಲಿ ಮೇರಿಲ್ಯಾಂಡ್ ರಾಜ್ಯದ ಚೇಸ್ ಎಂಬಲ್ಲಿ ರೈಲುಗಳು ಡಿಕ್ಕಿ ಹೊಡೆದು 16 ಜನ ಸತ್ತರು. ಎಂಜಿನ್ ಚಾಲಕ ಗಾಂಜಾ ಸೇದಿದ್ದುದು ತಿಳಿದುಬಂತು. 1991ರ ಕಾಯಿದೆಯು ರೈಲು, ವಿಮಾನ, ಲಾರಿ ಮುಂತಾದ ಸಾರಿಗೆಯಲ್ಲಿ ಸುರಕ್ಷತೆಯ ಹೊಣೆ ಹೊತ್ತವರಿಗೆ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು.

ಖಾಸಗಿ ಕಂಪನಿಗಳ ಮಾತೇ ಬೇರೆ. ಅಮೆರಿಕ ಸಂವಿಧಾನದ ನಾಲ್ಕನೆಯ ತಿದ್ದುಪಡಿ ಅಕಾರಣ ಶೋಧನೆಯಿಂದ ಪ್ರಜೆಗಳನ್ನು ರಕ್ಷಿಸುತ್ತದೆ. ಆದರೆ ಅದು ಸರ್ಕಾರ ನಡೆಸುವ ಶೋಧನೆಗೆ ಮಾತ್ರ ಅನ್ವಯಿಸುತ್ತದೆ. ಹೀಗಾಗಿ ಖಾಸಗಿ ನೌಕರರಿಗೆ ರಕ್ಷಣೆ ಕೊಡುವುದು, ಬಿಡುವುದು ಬಹುಮಟ್ಟಿಗೆ ಆಯಾ ರಾಜ್ಯಕ್ಕೆ ಸೇರಿದ ವಿಷಯ.

ಪರೀಕ್ಷೆಯ ಎರಡು ಹಂತಗಳು

ಮೊದಲನೆಯದು ಪ್ರಾಥಮಿಕ ಪರೀಕ್ಷೆ. ಇದರಲ್ಲಿ ಪ್ರತಿಕಾಯಗಳನ್ನು ಬಳಸುತ್ತಾರೆ. ಇದು ಅಗ್ಗ, ಬೇಗ ಮುಗಿಯುತ್ತದೆ. ಆದರೆ ರಚನೆಯಲ್ಲಿ ಹೋಲಿಕೆಯಿರುವ ಬೇರೆ ಔಷಧಗಳಿಗೂ ಪ್ರತಿಕಾಯ ಅಂಟಿಕೊಳ್ಳಬಹುದು. ಒಂದು ಲೆಕ್ಕ ಮಾಡಿ ನೋಡಿ. 1000 ಜನರಲ್ಲಿ ಮಾದಕ ವಸ್ತು ಬಳಸಿದವರು 20 ಎಂದುಕೊಳ್ಳಿ. ಉಳಿದ 980 ಮಂದಿಯಲ್ಲಿ ಶೇಕಡ 2ರಷ್ಟು ಜನರಿಗೆ ಪರೀಕ್ಷೆ ತಪ್ಪಾಗಿ ‘ಪಾಸಿಟಿವ್’ ಎಂದರೆ, ಸುಮಾರು 20 ನಿರ್ದೋಷಿಗಳು ಸಿಕ್ಕಿಬೀಳುತ್ತಾರೆ. ಅಂದರೆ ಪಾಸಿಟಿವ್ ಬಂದವರಲ್ಲಿ ಅರ್ಧದಷ್ಟು ಮಂದಿ ತಪ್ಪೇ ಮಾಡದವರು!

ಆದ್ದರಿಂದಲೇ ಎರಡನೆಯ ಹಂತ ಬೇಕು. ಅನಿಲ ಕ್ರೊಮ್ಯಾಟೊಗ್ರಫಿಯಿಂದ ಮಾದರಿಯ ಘಟಕಗಳನ್ನು ಬೇರ್ಪಡಿಸಿ, ರಾಶಿ ರೋಹಿತಮಾಪಕದಿಂದ ಅಣುವಿನ ಗುರುತು ಹಿಡಿಯುತ್ತಾರೆ. ಇಲ್ಲಿ ಒಂದು ವಸ್ತುವನ್ನು ಮತ್ತೊಂದೆಂದು ಭ್ರಮಿಸುವ ಸಾಧ್ಯತೆ ತೀರ ಕಡಿಮೆ.

ಆದರೆ ಗಸಗಸೆಯ ವಿಷಯದಲ್ಲಿ ಈ ಯಂತ್ರವೂ ನೆರವಿಗೆ ಬಾರದು. ಮೂತ್ರದಲ್ಲಿ ಇರುವುದು ನಿಜವಾದ ಮಾರ್ಫೀನೇ. ಅದು ಎಲ್ಲಿಂದ ಬಂತು ಎಂಬುದೇ ಪ್ರಶ್ನೆ. ಇದಕ್ಕಾಗಿಯೇ 1998ರಲ್ಲಿ ಕೇಂದ್ರದ ನಿಯಮಗಳು ಮಾರ್ಫೀನಿನ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿದವು. ನ್ಯಾನೊಗ್ರಾಂ ಎಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ. ಇಷ್ಟಾದರೂ 2023ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಗಸಗಸೆ ತಿನ್ನದಿರುವಂತೆ ತನ್ನ ಸೈನಿಕರಿಗೆ ಎಚ್ಚರಿಕೆ ಕೊಟ್ಟಿತು.

ರಾಜ್ಯಕ್ಕೊಂದು ನಿಯಮ

ವರ್ಮಾಂಟ್‌ನಲ್ಲಿ ಕೆಲಸದ ಆಹ್ವಾನ ಕೊಟ್ಟ ಮೇಲಷ್ಟೇ ಅಭ್ಯರ್ಥಿಯನ್ನು ಪರೀಕ್ಷಿಸಬಹುದು. ನೌಕರರನ್ನು ಮನಬಂದಂತೆ ಆರಿಸಿ ಪರೀಕ್ಷಿಸುವಂತಿಲ್ಲ. ಕೇಂದ್ರದ ಕಾನೂನು ಕೇಳಿದಾಗ ಮಾತ್ರ ಇದಕ್ಕೆ ವಿನಾಯಿತಿ. ಮಿನೆಸೋಟದಲ್ಲಿ ನೌಕರನ ಮೊದಲ ಫಲಿತಾಂಶ ಪಾಸಿಟಿವ್ ಎಂದು ಖಚಿತವಾದರೂ ಚಿಕಿತ್ಸೆಯ ಅವಕಾಶ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಫಲಿತಾಂಶಕ್ಕೆ ವಿವರಣೆ ಕೊಡಲು ಮೂರು ಕೆಲಸದ ದಿನ, ಸ್ವಂತ ಖರ್ಚಿನಲ್ಲಿ ಮರುಪರೀಕ್ಷೆ ಕೇಳಲು ಐದು ಕೆಲಸದ ದಿನಗಳ ಕಾಲಾವಕಾಶವಿದೆ. ಜಾರ್ಜಿಯದ ದಾರಿ ಬೇರೆ. ಪರೀಕ್ಷೆಯೂ ಸೇರಿದ ಕಾರ್ಯಕ್ರಮ ನಡೆಸುವ ಕಂಪನಿಗೆ ಅಲ್ಲಿ ಕಾರ್ಮಿಕ ಪರಿಹಾರ ವಿಮೆಯ ಕಂತಿನಲ್ಲಿ ರಿಯಾಯಿತಿ ಉಂಟು. ಟೆಕ್ಸಾಸ್‌ನಂತಹ ರಾಜ್ಯದಲ್ಲಿ ಖಾಸಗಿ ಕಂಪನಿಗಳಿಗೆ ಇಷ್ಟೊಂದು ಕಟ್ಟುಪಾಡುಗಳಿಲ್ಲ.

ಗಾಂಜಾ ತಂದ ಗೊಂದಲ

ಗಾಂಜಾದ ಮಾದಕ ಅಂಶ ಕೊಬ್ಬಿನಲ್ಲಿ ಕರಗುತ್ತದೆ. ದೇಹದಿಂದ ನಿಧಾನವಾಗಿ ಹೊರಬೀಳುತ್ತದೆ. ಮೂತ್ರ ಪರೀಕ್ಷೆ ಹುಡುಕುವುದು ಅದು ದೇಹದಲ್ಲಿ ಮಾರ್ಪಟ್ಟು ಉಳಿದ ವಸ್ತುವನ್ನು. ಈ ಉಳಿಕೆಗೆ ಮತ್ತು ಬರಿಸುವ ಗುಣವಿಲ್ಲ. ನಿತ್ಯ ಸೇದುವವರಲ್ಲಿ ಅದು ಬಿಟ್ಟು ಕೆಲವು ವಾರಗಳಾದ ಮೇಲೂ ಕಾಣಬಹುದು. ಅಂದರೆ ಪಾಸಿಟಿವ್ ಫಲಿತಾಂಶವು ‘ಹಿಂದೆ ಯಾವಾಗಲೋ ಬಳಸಿದ್ದಾರೆ’ ಎನ್ನುತ್ತದೆಯೇ ಹೊರತು ‘ಈಗ ಮತ್ತಿನಲ್ಲಿದ್ದಾರೆ’ ಎನ್ನುವುದಿಲ್ಲ.

ಈ ವ್ಯತ್ಯಾಸವನ್ನು ಕಾನೂನು ತಡವಾಗಿ ಗುರುತಿಸಿತು. ಕೊಲರಾಡೊದಲ್ಲಿ ಬಿಡುವಿನ ವೇಳೆ ವೈದ್ಯಕೀಯ ಗಾಂಜಾ ಬಳಸಿದ ನೌಕರನೊಬ್ಬನ ವಜಾವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಎತ್ತಿಹಿಡಿಯಿತು. ರಾಜ್ಯ ಒಪ್ಪಿದರೂ ಕೇಂದ್ರದ ಕಾನೂನು ಒಪ್ಪಿಲ್ಲ ಎಂಬುದು ಕಾರಣ. ಆದರೆ 2020ರಲ್ಲಿ ನೆವಾಡದ ಹೊಸ ಕಾನೂನು ಗಾಂಜಾ ಪಾಸಿಟಿವ್ ಎಂಬ ಕಾರಣಕ್ಕೇ ಕೆಲಸ ನಿರಾಕರಿಸುವುದನ್ನು ನಿಷೇಧಿಸಿತು. ಅಗ್ನಿಶಾಮಕ ಸಿಬ್ಬಂದಿಯಂತಹ ಕೆಲವರಿಗೆ ಇದು ಅನ್ವಯಿಸದು. 2024ರ ಜನವರಿಯಿಂದ ಕ್ಯಾಲಿಫೋರ್ನಿಯ ಇನ್ನೂ ಮುಂದೆ ಹೋಗಿ, ಕೆಲವು ಉದ್ಯೋಗಗಳನ್ನು ಬಿಟ್ಟು ಉಳಿದೆಡೆ, ಮತ್ತು ಬರಿಸದ ಈ ಉಳಿಕೆಯ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎಂದಿತು.

ನೀವೇನು ಮಾಡಬಹುದು?

ಅಮೆರಿಕದಲ್ಲಿ ನೀವಾಗಲಿ ನಿಮ್ಮವರಾಗಲಿ ಇಂಥ ಪರೀಕ್ಷೆಗೆ ಒಳಗಾಗಬೇಕಾದರೆ ಮೊದಲು ಕಂಪನಿಯ ಲಿಖಿತ ನಿಯಮಾವಳಿಯನ್ನು, ಆ ರಾಜ್ಯದ ಕಾನೂನನ್ನು ಓದಿ. ವೈದ್ಯರು ಬರೆದುಕೊಟ್ಟ ಔಷಧಗಳ ಚೀಟಿ ಜೊತೆಗಿರಲಿ. ಪರೀಕ್ಷೆಗೆ ಕೆಲವು ದಿನ ಮೊದಲು ಗಸಗಸೆ ಬೇಡ. ಫಲಿತಾಂಶ ಪಾಸಿಟಿವ್ ಎಂದರೆ ಗಾಬರಿಯಾಗದೆ ಎರಡನೆಯ ಹಂತದ ಪರೀಕ್ಷೆ ನಡೆದಿದೆಯೆ, ವೈದ್ಯರು ಫಲಿತಾಂಶವನ್ನು ಪರಿಶೀಲಿಸಿದ್ದಾರೆಯೆ ಎಂದು ವಿಚಾರಿಸಿ. ಮರುಪರೀಕ್ಷೆಯ ಹಕ್ಕು ಇರುವಲ್ಲಿ ಅದಕ್ಕೆ ಕೊಟ್ಟ ದಿನಗಳು ಬಹಳ ಕಡಿಮೆ ಎಂಬುದನ್ನು ಮರೆಯಬೇಡಿ.