ಹದಿನೆಂಟರ ಹರೆಯವನ್ನು ಅಳೆಯುವುದು: ಆಸ್ಟ್ರೇಲಿಯಾದ ಡ್ರಾಫ್ಟ್‌ನಿಂದ ಮೌಲ್ಯಮಾಪನದ ಒಂದು ಪಾಠ

ಅಭ್ಯಾಸ ಬೋಧನೆಯ ಮೂರನೆಯ ವಾರದಲ್ಲಿ ಎಂಟನೆಯ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠದ ಘಟಕ ಪರೀಕ್ಷೆ ಕೊಟ್ಟೆ. ಅಂಕ ನೋಡಿ ಐದು ಮಕ್ಕಳನ್ನು ‘ನಿಧಾನ ಕಲಿಕೆಯವರು’ ಎಂದು ಪಟ್ಟಿ ಮಾಡಿದೆ. ಮಾರ್ಗದರ್ಶಕ ಶಿಕ್ಷಕರು ಅದನ್ನು ಓದಿ, “ಇದು ಮಕ್ಕಳು ಇವತ್ತು ಎಲ್ಲಿದ್ದಾರೆ ಅನ್ನೋ ಪಟ್ಟಿನಾ, ಮುಂದೆ ಎಲ್ಲಿರ್ತಾರೆ ಅನ್ನೋ ಪಟ್ಟಿನಾ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದು ಸಿಕ್ಕಿದ್ದು ಒಂದು ಆಟದಲ್ಲಿ. ಮೆಲ್ಬರ್ನ್‌ನಲ್ಲಿರುವ ನನ್ನ ಭಾವ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಅಭಿಮಾನಿ. ಪ್ರತಿ ನವೆಂಬರಿನಲ್ಲಿ ಅವರು ‘ಡ್ರಾಫ್ಟ್’ ಎಂಬ ಆಯ್ಕೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ.

ಮೊದಲು ಆಟದ ಪರಿಚಯ. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು, ತಂಡಕ್ಕೆ 18 ಆಟಗಾರರು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಕಂಬದ ಕಡೆಗೆ ಹೋದರೆ 1 ಅಂಕ. ಈ ಆಟದ ರಾಷ್ಟ್ರೀಯ ಲೀಗ್‌ಗೆ ಹೊಸಬರನ್ನು ತರುವ ಡ್ರಾಫ್ಟ್ ಪದ್ಧತಿ 1986ರಲ್ಲಿ ಶುರುವಾಯಿತು. ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನ ಪಡೆದ ತಂಡಕ್ಕೆ ಮೊದಲ ಆಯ್ಕೆಯ ಸರದಿ. ದುರ್ಬಲ ತಂಡ ಚೇತರಿಸಿಕೊಳ್ಳಲಿ ಎಂಬುದು ಉದ್ದೇಶ. ಆಯ್ಕೆಯಾಗುವವರಲ್ಲಿ ಹೆಚ್ಚಿನವರು ಆಗಷ್ಟೇ ಶಾಲೆ ಮುಗಿಸುತ್ತಿರುವ ಹುಡುಗರು.

ಇವರನ್ನು ಅಳೆಯುವುದು ಹೇಗೆ? ಆಯ್ಕೆಗೆ ಮುನ್ನ ನಡೆಯುವ ಪರೀಕ್ಷಾ ಶಿಬಿರದಲ್ಲಿ 20 ಮೀಟರ್ ಓಟ, ನಿಂತಲ್ಲಿಂದ ಮತ್ತು ಓಡಿಬಂದು ಮೇಲಕ್ಕೆ ಜಿಗಿತ, ದಿಕ್ಕು ಬದಲಿಸುವ ಚುರುಕುತನ, 2 ಕಿಲೋಮೀಟರ್ ಓಟ ಇರುತ್ತವೆ. ಇವುಗಳ ವಿಶ್ವಾಸಾರ್ಹತೆ ಹೆಚ್ಚು: ಗಡಿಯಾರ ಎಲ್ಲರಿಗೂ ಒಂದೇ. ಆದರೆ ಪಂದ್ಯದಲ್ಲಿ ಬೇಕಾದದ್ದು ಬರೀ ವೇಗವಲ್ಲ. ಎದುರಾಳಿಗಳು ಮುತ್ತಿಕೊಂಡಾಗ ಚೆಂಡನ್ನು ಯಾರಿಗೆ ಕೊಡಬೇಕೆಂಬ ಕ್ಷಣದ ನಿರ್ಧಾರ, ಸೋಲುತ್ತಿರುವಾಗಲೂ ಓಡುವ ಮನಸ್ಸು — ಇವು ಗಡಿಯಾರಕ್ಕೆ ಸಿಗುವುದಿಲ್ಲ. ನಮ್ಮ ಪಠ್ಯದ ಭಾಷೆಯಲ್ಲಿ ಹೇಳುವುದಾದರೆ, ವಿಶ್ವಾಸಾರ್ಹತೆ ಇದ್ದ ಮಾತ್ರಕ್ಕೆ ಸಪ್ರಮಾಣತೆ ಬರುವುದಿಲ್ಲ. ಅದಕ್ಕಾಗಿಯೇ ತಂಡಗಳ ಆಯ್ಕೆಗಾರರು ಹುಡುಗರ ಪಂದ್ಯಗಳನ್ನು ಮತ್ತೆ ಮತ್ತೆ ನೋಡುತ್ತಾರೆ, ತರಬೇತುದಾರರನ್ನು ವಿಚಾರಿಸುತ್ತಾರೆ, ಸಂದರ್ಶನ ಮಾಡುತ್ತಾರೆ, ವೈದ್ಯಕೀಯ ವರದಿ ಓದುತ್ತಾರೆ.

ಇಷ್ಟಾದರೂ ಅಂದಾಜು ಎಷ್ಟು ಸರಿ? 2001ರ ಡ್ರಾಫ್ಟ್ ನೋಡಿ. ಮೊದಲ ಆಯ್ಕೆ ಲ್ಯೂಕ್ ಹಾಡ್ಜ್, ಮೂರನೆಯದು ಕ್ರಿಸ್ ಜಡ್. ಹಾಡ್ಜ್ ಮುಂದೆ ಹಾಥಾರ್ನ್ ತಂಡದೊಂದಿಗೆ ನಾಲ್ಕು ಬಾರಿ ಚಾಂಪಿಯನ್ ಆದರು. ಜಡ್ 2004 ಮತ್ತು 2010ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕ ಪಡೆದರು. ಅಂದರೆ ಪಟ್ಟಿಯ ಮೇಲ್ತುದಿಯಲ್ಲಿ ಆಯ್ಕೆಗಾರರು ಎಡವಲಿಲ್ಲ. ಆದರೆ ಅದೇ ಪಟ್ಟಿಯಲ್ಲಿ 58ನೆಯವನಾಗಿ ಕಾಲಿಂಗ್‌ವುಡ್ ಸೇರಿದ ಡೇನ್ ಸ್ವಾನ್ 2011ರಲ್ಲಿ ಅದೇ ಪದಕ ಗೆದ್ದರು. ಇದರಿಂದ ಕ್ರಮಾಂಕವೇ ಸುಳ್ಳು ಎನ್ನುವುದು ತಪ್ಪಾದೀತು. ಒಟ್ಟಾರೆ ನೋಡಿದರೆ ಮೊದಲು ಆಯ್ಕೆಯಾದವರೇ ಹೆಚ್ಚು ಪಂದ್ಯ ಆಡುತ್ತಾರೆ. ಕ್ರಮಾಂಕ ಒಂದು ಅಂದಾಜು, ತೀರ್ಪಲ್ಲ ಎಂಬಷ್ಟೇ ಇಲ್ಲಿನ ಪಾಠ.

ಅಂದಾಜು ತಪ್ಪುವುದಕ್ಕೆ ಒಂದು ಮುಖ್ಯ ಕಾರಣ ವಯಸ್ಸು. ಆ ವರ್ಷದ ಡಿಸೆಂಬರ್ 31ರೊಳಗೆ 18 ತುಂಬುವವರು ಡ್ರಾಫ್ಟ್‌ಗೆ ಅರ್ಹರು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಚಿಕ್ಕಂದಿನಲ್ಲಿ ಈ ಅಂತರ ಇನ್ನೂ ದೊಡ್ಡದು: ಹನ್ನೆರಡರ ಹುಡುಗನಿಗೆ ಹನ್ನೊಂದು ತಿಂಗಳೆಂದರೆ ಎತ್ತರ, ತೂಕ, ಬಲ ಎಲ್ಲದರಲ್ಲೂ ವ್ಯತ್ಯಾಸ. ಮೊದಲು ಬೆಳೆದವನು ಪ್ರತಿಭಾವಂತನಂತೆ ಕಾಣುತ್ತಾನೆ. ಅವನಿಗೇ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯ ಸಿಗುತ್ತವೆ, ಅಂತರ ಹಿಗ್ಗುತ್ತದೆ. ಇದನ್ನು ಸಾಪೇಕ್ಷ ವಯಸ್ಸಿನ ಪರಿಣಾಮ ಎನ್ನುತ್ತಾರೆ. ಮ್ಯಾಕ್ಸ್ ಗಾನ್ ಹುಟ್ಟಿದ್ದು 1991ರ ಡಿಸೆಂಬರ್ 30ರಂದು. ಇನ್ನೆರಡು ದಿನ ತಡವಾಗಿದ್ದರೆ 2009ರ ಡ್ರಾಫ್ಟ್‌ಗೆ ಅವರು ಅರ್ಹರೇ ಆಗುತ್ತಿರಲಿಲ್ಲ. 34ನೆಯ ಆಯ್ಕೆಯಾಗಿ ಮೆಲ್ಬರ್ನ್ ತಂಡ ಸೇರಿದ ಅವರು, 2021ರಲ್ಲಿ ನಾಯಕನಾಗಿ ಆ ತಂಡಕ್ಕೆ 57 ವರ್ಷಗಳ ನಂತರ ಪ್ರಶಸ್ತಿ ತಂದುಕೊಟ್ಟರು. ಅದು 2009ರ ಯಾವ ಪರೀಕ್ಷೆಯಲ್ಲೂ ಕಾಣಬಹುದಾದ ಸಂಗತಿಯಾಗಿರಲಿಲ್ಲ. ಆಯ್ಕೆಯ ಮೇಲೆ ವರ್ಷಗಟ್ಟಲೆ ನಡೆದ ತರಬೇತಿಯೂ ಕಾದ ತಾಳ್ಮೆಯೂ ಅದರ ಹಿಂದಿವೆ.

ಇದನ್ನು ಓದಿದ ಮೇಲೆ ಶಾಲೆಯ ದಾಖಲಾತಿ ವಹಿ ತೆಗೆಸಿ ನನ್ನ ಪಟ್ಟಿಯ ಮಕ್ಕಳ ಜನ್ಮದಿನಾಂಕ ನೋಡಿದೆ. ಅವರಲ್ಲೊಬ್ಬ ಹುಡುಗಿ ಪಕ್ಕದಲ್ಲಿ ಕೂರುವ ಗೆಳತಿಗಿಂತ ಸುಮಾರು ಹತ್ತು ತಿಂಗಳು ಚಿಕ್ಕವಳು. ಮರುದಿನ ಬಾಟಲಿಗೆ ಮೇಲೆ ಕೆಳಗೆ ತೂತು ಮಾಡಿ ನೀರು ತುಂಬಿಸಿ, ಯಾವುದು ದೂರ ಚಿಮ್ಮುತ್ತದೆ ಎಂದು ಅವಳನ್ನೇ ಕೇಳಿದೆ. “ಕೆಳಗಿನದು ಸರ್. ಅದರ ಮೇಲೆ ನೀರು ಜಾಸ್ತಿ ಕೂತಿದೆಯಲ್ಲ” ಎಂದಳು. ಪರೀಕ್ಷೆಯಲ್ಲಿ ಅದೇ ಪ್ರಶ್ನೆಯ ಮುಂದೆ ಅವಳು ಖಾಲಿ ಬಿಟ್ಟಿದ್ದಳು. ನಾನು ಅಳೆದದ್ದು ಬರವಣಿಗೆಯನ್ನು, ಹೆಸರಿಟ್ಟದ್ದು ಕಲಿಕೆಗೆ.

ಪಟ್ಟಿಯನ್ನು ಹರಿದು ಬೇರೆ ಬರೆದೆ. ಈಗ ಅದರಲ್ಲಿ ಮೂರು ಕಾಲಂಗಳಿವೆ: ನಾನು ಏನನ್ನು ಕಂಡೆ, ಯಾವ ಸಾಧನದಿಂದ ಕಂಡೆ, ಮುಂದೆ ಏನು ಮಾಡಬೇಕು. ‘ನಿಧಾನ’ ಎಂಬ ಪದಕ್ಕೆ ಜಾಗವಿಲ್ಲ. ಆ ಹುಡುಗಿಯ ಹೆಸರಿನ ಎದುರು ‘ಬಾಯಲ್ಲಿ ವಿವರಿಸುತ್ತಾಳೆ, ಬರೆಯಲು ಅಭ್ಯಾಸ ಬೇಕು’ ಎಂದಿದೆ. ಪ್ರಶಿಕ್ಷಣಾರ್ಥಿಗಳಾದ ನಾವು ಕೆಲವೇ ವಾರಗಳಲ್ಲಿ ಶಾಲೆ ಬಿಟ್ಟು ಬರುತ್ತೇವೆ, ಬರೆದಿಟ್ಟ ಪಟ್ಟಿ ಮಾತ್ರ ಅಲ್ಲೇ ಉಳಿಯುತ್ತದೆ. ಮುಂದಿನ ಶಿಕ್ಷಕರು ಮಗುವನ್ನು ನೋಡುವ ಮೊದಲು ಅದನ್ನೇ ಓದಬಹುದು.