ಅಂಜಿದ ಜೀವಕ್ಕೆ ಅಭಯ

ನಮ್ಮ ಮನೆಯ ನಾಯಿ ಕರಿಯ ಹುಟ್ಟಿನಿಂದಲೇ ಅಂಜುಬುರುಕ. ಆದರೂ ಪ್ರತಿದಿನ ಬೆಳಿಗ್ಗೆ ತಾಯಿಯವರ ಹಿಂದೆ ಬಸದಿಯ ಹೊರಬಾಗಿಲವರೆಗೆ ಹೋಗುತ್ತಿತ್ತು. ಅವರು ದರ್ಶನ ಮುಗಿಸಿ ಬರುವವರೆಗೆ ಮರದ ನೆರಳಲ್ಲಿ ಕಾದು ಕುಳಿತು, ಅವರೊಡನೆಯೇ ಮರಳುತ್ತಿತ್ತು. ಕಳೆದ ದೀಪಾವಳಿಯ ಸಂಜೆ ಬೀದಿಯ ತಿರುವಿನಲ್ಲಿ ಅದರ ಕಾಲ ಬಳಿಯೇ ಪಟಾಕಿಯ ಸರವೊಂದು ಸಿಡಿಯಿತು. ಅಂದಿನಿಂದ ಕರಿಯ ಗೇಟು ದಾಟಲು ಒಪ್ಪಲಿಲ್ಲ. ಹಗ್ಗವನ್ನು ಕೈಗೆತ್ತಿಕೊಂಡರೆ ಸಾಕು, ಬಾಲವನ್ನು ಕಾಲುಗಳ ನಡುವೆ ಅಡಗಿಸಿಕೊಂಡು ಮಂಚದ ಕೆಳಗೆ ನುಸುಳುತ್ತಿತ್ತು.

ನಾಲ್ಕು ದಿನ ಕಾದೆ. ಐದನೆಯ ದಿನ ನನ್ನ ತಾಳ್ಮೆ ತಪ್ಪಿತು. ಒಮ್ಮೆ ಹೊರಗೆ ಕರೆದೊಯ್ದರೆ ಅಂಜಿಕೆ ತಾನಾಗಿ ಬಿಡುತ್ತದೆ ಎಂದು ಭಾವಿಸಿ ಹಗ್ಗ ಹಿಡಿದು ಎಳೆದೆ. ಅದು ನಾಲ್ಕೂ ಕಾಲುಗಳನ್ನು ಊರಿ ನಿಂತಿತು. ಅಂಗಳದ ಮಣ್ಣಿನಲ್ಲಿ ಉಗುರಿನ ಗೆರೆಗಳು ಮೂಡಿದವು. ಜಗುಲಿಯಲ್ಲಿ ಕುಳಿತು ಜಪಮಣಿ ಎಣಿಸುತ್ತಿದ್ದ ತಾಯಿಯವರು ಕಣ್ಣು ತೆರೆದು, "ಬಿಡು ಮಗಾ. ಹೆದರಿದವರನ್ನು ಎಳೆದರೆ ಹೆದರಿಕೆ ಹೋಗುತ್ತದಾ?" ಎಂದಷ್ಟೇ ಹೇಳಿದರು. ಹಗ್ಗ ನನ್ನ ಕೈಯಿಂದ ತಾನಾಗಿ ಸಡಿಲವಾಯಿತು.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು. ಬಂಧವೆಂದರೆ ಜೀವಿಯನ್ನು ಅದು ಬಯಸಿದ ಕಡೆಗೆ ಹೋಗದಂತೆ ಕಟ್ಟಿ ತಡೆಯುವುದು. ಗಮನಿಸಬೇಕಾದ ಮಾತೆಂದರೆ, ಈ ಐದೂ ಹೆಚ್ಚಾಗಿ ನಡೆಯುವುದು ನಾವೇ ಸಾಕಿದ, ನಮ್ಮನ್ನೇ ನಂಬಿದ ಪ್ರಾಣಿಗಳ ಮೇಲೆ. ವಾಹನಗಳಿರುವ ಬೀದಿಯಲ್ಲಿ ನಾಯಿಯ ರಕ್ಷಣೆಗೆಂದು ಹಗ್ಗ ಹಿಡಿಯುವುದು ದೋಷವಲ್ಲ. ಆದರೆ ಅದೇ ಹಗ್ಗವನ್ನು ಕೋಪದಿಂದ ಎಳೆದಾಗ ಅಲ್ಲಿ ಪ್ರಮಾದ ಸೇರುತ್ತದೆ, ಪ್ರಮಾದ ಸೇರಿದಲ್ಲಿ ಹಿಂಸೆಯ ಬೀಜ ಬೀಳುತ್ತದೆ. ಐದು ಇಂದ್ರಿಯಗಳು, ಮನ ವಚನ ಕಾಯಗಳೆಂಬ ಮೂರು ಬಲಗಳು, ಆಯು, ಉಚ್ಛ್ವಾಸ ಹೀಗೆ ಹತ್ತು ಪ್ರಾಣಗಳು ನಮಗಿರುವಂತೆ ಮನಸ್ಸುಳ್ಳ ಪಂಚೇಂದ್ರಿಯ ಜೀವಿಯಾದ ನಾಯಿಗೂ ಇವೆ. ನಾನು ಎಳೆದದ್ದು ಕೇವಲ ಅದರ ಕೊರಳನ್ನಲ್ಲ, ನಡುಗುತ್ತಿದ್ದ ಒಂದು ಮನಸ್ಸನ್ನು.

ಭಯ ಹೇಗೆ ಹುಟ್ಟುತ್ತದೆ? ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡವು ಭಯಸಂಜ್ಞೆಗೆ ನಾಲ್ಕು ಕಾರಣಗಳನ್ನು ಕೊಡುತ್ತದೆ. ಅತಿ ಭಯಂಕರವಾದುದನ್ನು ಕಾಣುವುದು ಮೊದಲನೆಯದು. ಅದನ್ನೇ ಮತ್ತೆ ಮತ್ತೆ ನೆನೆಯುವುದು ಎರಡನೆಯದು. ಶಕ್ತಿ ಕುಂದಿರುವುದು ಮೂರನೆಯದು. ಈ ಮೂರು ಬಾಹ್ಯ ಕಾರಣಗಳು. ಒಳಗಿನಿಂದ ಭಯಕರ್ಮವು ಉದಯಕ್ಕೆ ಬರುವುದು ನಾಲ್ಕನೆಯದು. ಆ ಮಾತನ್ನು ಓದಿದಾಗ ಕರಿಯನ ಸಂಕಟವೂ ಅದರ ಪರಿಹಾರವೂ ಒಟ್ಟಿಗೆ ಕಂಡಂತಾಯಿತು.

ಶಕ್ತಿ ಕುಂದಿದೆಯೇ ಎಂಬುದನ್ನು ಮೊದಲು ನೋಡಬೇಕು. ನಡೆಯಲು ಒಲ್ಲದ ನಾಯಿಗೆ ಕೀಲುನೋವಿರಬಹುದು, ಅಂಗಾಲಿನಲ್ಲಿ ಮುಳ್ಳು ಮುರಿದಿರಬಹುದು, ಬಿಸಿಲಿಗೆ ಕಾದ ಡಾಂಬರು ಪಾದವನ್ನು ಸುಟ್ಟಿರಬಹುದು. ಅದು ಬಾಯಿಬಿಟ್ಟು ಹೇಳಲಾರದು. ಆದ್ದರಿಂದ ಪಶುವೈದ್ಯರಲ್ಲಿಗೆ ಹೋದೆವು. ದೇಹದಲ್ಲಿ ದೋಷವಿಲ್ಲವೆಂದು ತಿಳಿಯಿತು. ಕೊರಳಪಟ್ಟಿಯ ಬದಲು ಎದೆಯನ್ನು ಬಳಸಿ ಕಟ್ಟುವ ಪಟ್ಟಿಯನ್ನು ಅವರು ಸೂಚಿಸಿದರು. ಅದರಿಂದ ಗಂಟಲಿನ ಮೇಲೆ ಒತ್ತಡ ಬೀಳುವುದಿಲ್ಲ.

ಭಯಂಕರವಾದುದನ್ನು ದೂರವಿಡುವುದು ಮುಂದಿನ ಹೆಜ್ಜೆ. ಮನುಷ್ಯನ ಕಿವಿಗೆ ನಿಲುಕದ ಎಷ್ಟೋ ಸೂಕ್ಷ್ಮ ಸ್ವರಗಳು ನಾಯಿಗೆ ಕೇಳಿಸುತ್ತವೆ. ನಮಗೆ ಮಾಮೂಲಿ ಎನಿಸುವ ಬೀದಿಯ ಗದ್ದಲ ಅಂಜಿದ ನಾಯಿಗೆ ರಣರಂಗವೇ ಆಗಬಹುದು. ಹಾಗಾಗಿ ಬೀದಿ ಮೌನವಾಗಿರುವ ಮುಂಜಾವವನ್ನು ಆರಿಸಿಕೊಂಡೆವು. ಮೊದಲ ವಾರ ಹೊಸ್ತಿಲವರೆಗೆ ಮಾತ್ರ, ಮರುವಾರ ಅಂಗಳ, ಆಮೇಲೆ ಗೇಟು. ಕಿವಿ ಹಿಂದಕ್ಕೆ ಮಲಗಿದರೆ, ಪದೇ ಪದೇ ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆಯೂ ಆಕಳಿಸಿದರೆ, ಇಷ್ಟದ ತಿನಿಸನ್ನೂ ಮೂಸದಿದ್ದರೆ ಅದು ಸಾಕೆಂದು ಹೇಳುತ್ತಿದೆ ಎಂದರ್ಥ. ಆಗ ಗದರದೆ ಹಿಂದಿರುಗುತ್ತಿದ್ದೆವು. ಹಿಂದಿರುಗಬಹುದೆಂಬ ಭರವಸೆಯಿದ್ದರೆ ಮಾತ್ರ ಅಂಜಿದ ಜೀವ ಮುಂದಡಿಯಿಡುತ್ತದೆ.

ಇನ್ನು ನೆನಪು. ಕಹಿ ನೆನಪನ್ನು ಅಳಿಸಲಾಗದು, ಅದರ ಪಕ್ಕದಲ್ಲಿ ಸಿಹಿ ನೆನಪೊಂದನ್ನು ಕೂರಿಸಬಹುದು. ಹೊಸ್ತಿಲಲ್ಲಿ ಚಪಾತಿಯ ಚೂರು, ಗೇಟಿನ ಬಳಿ ಬೇಯಿಸಿದ ಕುಂಬಳಕಾಯಿಯ ತುಣುಕು ಕರಿಯನಿಗಾಗಿ ಕಾಯುತ್ತಿದ್ದವು. (ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷಪ್ರಾಯ.) ಹೆದರಿದಾಗ ಮೈದಡವಿದರೆ ಹೆದರಿಕೆ ಬೆಳೆಯುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಅದು ಸರಿಯಲ್ಲ. ತಾನಾಗಿ ಬಂದು ಆತುಕೊಂಡ ಪ್ರಾಣಿಗೆ ಸಾಂತ್ವನ ಕೊಟ್ಟರೆ ಕೆಡುಕಿಲ್ಲ.

ನಾಲ್ಕನೆಯ ಕಾರಣ ನಮ್ಮ ಕೈಯಲ್ಲಿಲ್ಲ. ಆ ಜೀವದ ಕರ್ಮೋದಯವನ್ನು ನಾವು ತಡೆಯಲಾರೆವು. ಅಲ್ಲಿ ನಮಗಿರುವ ಕರ್ತವ್ಯ ಕ್ಷಮೆಯೊಂದೇ. ಮೂರು ಹೆಜ್ಜೆ ಮುಂದೆ ಹೋದ ನಾಯಿ ಮರುದಿನ ಒಂದು ಬೈಕಿನ ಸದ್ದಿಗೆ ಮತ್ತೆ ಮಂಚದ ಕೆಳಗೆ ಸೇರಿದಾಗ, ಮೊದಲಿನಿಂದ ತೊಡಗುವುದೇ ಆ ಕ್ಷಮೆ.

ಭಾಸ್ಕರ ಕವಿ 1424ರಲ್ಲಿ ಕನ್ನಡದಲ್ಲಿ ಹಾಡಿದ ಜೀವಂಧರನ ಕಥೆಯನ್ನು ಶ್ರಾವಕರು ಬಲ್ಲರು. ಆಹಾರವನ್ನು ಮುಟ್ಟಿತೆಂಬ ಕಾರಣಕ್ಕೆ ಕೆಲವರು ನಾಯಿಯೊಂದನ್ನು ಸಾಯುವಂತೆ ಹೊಡೆದಿದ್ದರು. ಅದನ್ನು ಬದುಕಿಸಲಾಗದ ರಾಜಕುಮಾರ ಅದರ ಬಳಿ ಕುಳಿತು ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ನುಡಿದ. ಆ ಜೀವ ಯಕ್ಷನಾಗಿ ಹುಟ್ಟಿ, ಉಪಕಾರವನ್ನು ನೆನೆದು, ಮುಂದೆ ಅವನ ಕಷ್ಟಗಳಲ್ಲಿ ನೆರವಾಯಿತು. ಜೀವಂಧರ ಆ ನಾಯಿಯ ಪ್ರಾಣವನ್ನು ಉಳಿಸಲಿಲ್ಲ, ಅದರ ಕೊನೆಯ ಗಳಿಗೆಯ ಭಯವನ್ನು ಕಳೆದ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರಕ್ಕೆ ಏನಾದರೊಂದು ಸಾಧನ ಬೇಕು. ಅಭಯದಾನಕ್ಕೆ ಬೇಕಾದದ್ದು ನಮ್ಮ ಕೋಪವನ್ನು ಬಿಡುವ ಮನಸ್ಸು ಮಾತ್ರ.

ಈ ಕಥೆಯನ್ನು ನೆನೆದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಕರಿಯನನ್ನು ಕಂಗೆಡಿಸಿದ ದೀಪಾವಳಿಯ ಅಮಾವಾಸ್ಯೆ ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ತಿಥಿ. ಸಕಲ ಜೀವಿಗಳಿಗೂ ಅಭಯವನ್ನು ಬೋಧಿಸಿದವರ ನೆನಪಿನ ದಿನವೇ ಎಷ್ಟೊಂದು ಜೀವಿಗಳು ಮೂಲೆ ಸೇರಿ ನಡುಗಬೇಕೇ? ಅಂದು ಹಚ್ಚಬೇಕಾದದ್ದು ದೀಪವನ್ನು, ಪಟಾಕಿಯನ್ನಲ್ಲ.

ಕರಿಯ ಈಗ ಬೀದಿಯ ತಿರುವಿನವರೆಗೆ ಬರುತ್ತದೆ. ಸರ ಸಿಡಿದ ಆ ಜಾಗದಲ್ಲಿ ನಿಂತು ನೆಲವನ್ನು ಬಹಳ ಹೊತ್ತು ಮೂಸುತ್ತದೆ. ಆಮೇಲೆ ತಲೆಯೆತ್ತಿ ತಾಯಿಯವರ ಮುಖ ನೋಡುತ್ತದೆ. ಅವರು ಹಗ್ಗವನ್ನು ಸಡಿಲ ಬಿಟ್ಟು ಕಾಯುತ್ತಾರೆ. ಬಸದಿ ಇನ್ನೂ ಇನ್ನೂರು ಹೆಜ್ಜೆ ಮುಂದಿದೆ. ಅವರಿಗೆ ಅವಸರವಿಲ್ಲ. "ಅದು ಬರುವ ದಿನ ಬರಲಿ. ಅಲ್ಲಿಯವರೆಗೆ ನನ್ನ ದರ್ಶನ ಇಲ್ಲಿಂದಲೇ ಶುರುವಾಗುತ್ತದೆ" ಎನ್ನುತ್ತಾರೆ.