ಮುಖವಿಲ್ಲದ ಸಾಹಸ, ದಾಖಲೆಯಿಲ್ಲದ ದುಡಿಮೆ

1980ರ ದಶಕದ ಕೊನೆಯ ವರ್ಷಗಳಲ್ಲಿ ನಾನು ಬಳ್ಳಾರಿ ಉಪವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಸಿರುಗುಪ್ಪ, ಕುರುಗೋಡು ಕಡೆಯ ಟೆಂಟ್ ಸಿನಿಮಾಗಳ ಪರಿಶೀಲನೆ ಆಗಾಗ ನನ್ನ ಪಾಲಿಗೆ ಬರುತ್ತಿತ್ತು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಮತ್ತು ಅದರಡಿ 1971ರಲ್ಲಿ ರೂಪುಗೊಂಡ ನಿಯಮಗಳ ಪುಸ್ತಕವನ್ನು ಹಿಡಿದು, ಮರಳು ತುಂಬಿದ ಬಕೆಟ್‌ಗಳಿವೆಯೇ, ಹೊರಹೋಗುವ ದಾರಿಗಳು ತೆರವಾಗಿವೆಯೇ, ಪ್ರೊಜೆಕ್ಟರ್ ಕೋಣೆಯಿಂದ ಬೆಂಕಿ ಹರಡದಂತೆ ವ್ಯವಸ್ಥೆಯಾಗಿದೆಯೇ ಎಂದು ನೋಡಿ ವರದಿ ಬರೆಯುವುದು ನನ್ನ ಕರ್ತವ್ಯವಾಗಿತ್ತು. ಪ್ರೇಕ್ಷಕನ ಪ್ರಾಣರಕ್ಷಣೆಯ ವಿಷಯದಲ್ಲಿ ಸರ್ಕಾರ ಎಷ್ಟು ಜಾಗರೂಕವಾಗಿತ್ತೆಂದರೆ, ಒಂದು ಬಕೆಟ್ ಕಡಿಮೆಯಿದ್ದರೂ ಮಾಲೀಕ ಕಚೇರಿಗೆ ಅಲೆಯಬೇಕಾಗುತ್ತಿತ್ತು. ಅದೇ ಟೆಂಟಿನ ಪರದೆಯ ಮೇಲೆ ಕಟ್ಟಡದಿಂದ ಜಿಗಿಯುತ್ತಿದ್ದ, ಗಾಜು ಒಡೆದು ಹಾರುತ್ತಿದ್ದ, ಬೆಂಕಿಯಲ್ಲಿ ಉರುಳುತ್ತಿದ್ದ ಮನುಷ್ಯನ ಪ್ರಾಣದ ಬಗ್ಗೆ ಆ ನಿಯಮಾವಳಿಯಲ್ಲಿ ಒಂದಕ್ಷರವೂ ಇರಲಿಲ್ಲ. ಈ ವೈಚಿತ್ರ್ಯ ಆಗ ನನ್ನ ಗಮನಕ್ಕೆ ಬರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಆ ದಿನಗಳಲ್ಲಿ ಟೆಂಟುಗಳನ್ನು ತುಂಬಿಸುತ್ತಿದ್ದ ಹೆಸರುಗಳಲ್ಲಿ ಟೈಗರ್ ಪ್ರಭಾಕರ್ ಅವರದು ಪ್ರಮುಖವಾದದ್ದು. ಬಳ್ಳಾರಿಯ ಪ್ರೇಕ್ಷಕನಿಗೆ ಅವರ ಮೇಲೆ ಒಂದು ವಿಶೇಷ ಹಕ್ಕಿತ್ತು. 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತ್ಯದ ಭಾಗವಾಗಿದ್ದ ಈ ಊರಿನಲ್ಲಿ ಕನ್ನಡ ಮತ್ತು ತೆಲುಗು ಚಿತ್ರಗಳು ಅಕ್ಕಪಕ್ಕದ ಚಿತ್ರಮಂದಿರಗಳಲ್ಲಿ ನಡೆಯುವುದು ಹೊಸತೇನಲ್ಲ. ಕನ್ನಡದ ಭಿತ್ತಿಪತ್ರದಲ್ಲಿ ‘ಟೈಗರ್ ಪ್ರಭಾಕರ್’ ಆಗಿದ್ದ ವ್ಯಕ್ತಿಯೇ ತೆಲುಗು ಚಿತ್ರಗಳಲ್ಲಿ ‘ಕನ್ನಡ ಪ್ರಭಾಕರ್’ ಆಗುತ್ತಿದ್ದರು. ಭಾಷೆಯ ಹೆಸರನ್ನೇ ಮನೆತನದ ಹೆಸರಿನಂತೆ ಹೊತ್ತು ನೆರೆರಾಜ್ಯದಲ್ಲಿ ದುಡಿದ ನಟರು ವಿರಳ. ಗಡಿನಾಡಿನ ಜನರಿಗೆ ಇದು ಸಣ್ಣ ಹೆಮ್ಮೆಯ ಸಂಗತಿಯಾಗಿತ್ತು. ದೊಡ್ಡಾಟದ ದುರ್ಯೋಧನನ ಪ್ರವೇಶಕ್ಕೆ ರಾತ್ರಿಯಿಡೀ ಕಾದು ಕೂರುವ ಈ ಸೀಮೆಯಲ್ಲಿ ಖಳನಾಯಕನಿಗೆ ನಾಯಕನಷ್ಟೇ ಮರ್ಯಾದೆ ಸಿಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

1948ರಲ್ಲಿ ಜನಿಸಿದ ಪ್ರಭಾಕರ್ ಚಿತ್ರರಂಗವನ್ನು ಪ್ರವೇಶಿಸಿದ್ದು 1969ರ ‘ಕಾಡಿನ ರಹಸ್ಯ’ದ ಮೂಲಕ. ಮುಂದಿನ ಹಲವು ವರ್ಷ ಅವರು ಹೊಡೆದಾಟದ ದೃಶ್ಯಗಳ ಗುಂಪಿನಲ್ಲಿ ಒಬ್ಬರು. ಆ ಗುಂಪಿನವನ ಕೆಲಸ ಸರಳ: ನಾಯಕನ ಏಟಿಗೆ ನಂಬುವಂತೆ ಬೀಳುವುದು, ಎದ್ದು ಮತ್ತೊಮ್ಮೆ ಬೀಳುವುದು. ಅಲ್ಲಿಂದ ಸಹಖಳನ ಪಾತ್ರ, ನಂತರ ಮುಖ್ಯ ಖಳ, ಅನಂತರ ನಾಯಕ, ಕೊನೆಗೆ ನಿರ್ದೇಶಕ ಎಂಬ ಮೆಟ್ಟಿಲುಗಳನ್ನು ಅವರು ಒಂದೊಂದಾಗಿ ಏರಿದರು. 1990ರ ದಶಕದ ಆರಂಭದಲ್ಲಿ ‘ಬಾಂಬೆ ದಾದಾ’, ‘ಕಲಿಯುಗ ಭೀಮ’, ‘ಮಹೇಂದ್ರ ವರ್ಮ’ ಚಿತ್ರಗಳನ್ನು ತಾವೇ ನಿರ್ದೇಶಿಸಿದರು. 1993ರ ಮಲಯಾಳಂ ಚಿತ್ರ ‘ಧ್ರುವಂ’ನಲ್ಲಿ ಅವರು ನಿರ್ವಹಿಸಿದ ಹೈದರ್ ಮರಕ್ಕಾರ್ ಪಾತ್ರವನ್ನು ಕೇರಳದ ಪ್ರೇಕ್ಷಕರು ಇಂದಿಗೂ ನೆನೆಯುತ್ತಾರೆ. ಹಲವು ಭಾಷೆಗಳ 400ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿ, ಕೊನೆಯ ದಿನಗಳನ್ನು ಅನಾರೋಗ್ಯದಲ್ಲಿ ಕಳೆದು, 2001ರ ಮಾರ್ಚ್ 25ರಂದು ನಿಧನರಾದಾಗ ಅವರಿಗೆ ಇನ್ನೂ 53 ತುಂಬಿರಲಿಲ್ಲ.

ಈ ಹಾದಿಯಲ್ಲಿ ಅವರು ಒಂಟಿಯಲ್ಲ. ಮೈಸೂರಿನ ಕುಸ್ತಿಪಟು ಎಂ.ಪಿ. ಶಂಕರ್ ನಟರಾಗಿ, 1973ರಲ್ಲಿ ‘ಗಂಧದ ಗುಡಿ’ಯ ನಿರ್ಮಾಪಕರೂ ಆದರು. ಕರಾವಳಿ ಮೂಲದ ಎಂ.ಬಿ. ಶೆಟ್ಟಿ ಹಿಂದಿ ಚಿತ್ರರಂಗದಲ್ಲಿ ಸಾಹಸ ಸಂಯೋಜಕರಾಗಿದ್ದುಕೊಂಡೇ ಬೋಳುತಲೆಯ ಖಳನಾಗಿ ಪ್ರಸಿದ್ಧರಾದರು. ಅವರ ಮಗ ರೋಹಿತ್ ಶೆಟ್ಟಿ ಇಂದು ಹಿಂದಿಯ ಹೆಸರಾಂತ ನಿರ್ದೇಶಕ. ಥ್ರಿಲ್ಲರ್ ಮಂಜು ಹೊಡೆದಾಟದ ಸಂಯೋಜನೆಯಿಂದ ನಿರ್ದೇಶನಕ್ಕೆ ಬಂದು 1996ರಲ್ಲಿ ‘ಪೊಲೀಸ್ ಸ್ಟೋರಿ’ ನೀಡಿದರು. ಸಣ್ಣಪುಟ್ಟ ಪಾತ್ರಗಳಲ್ಲಿ ಮತ್ತು ಹೊಡೆದಾಟದ ಗುಂಪುಗಳಲ್ಲಿ ವರ್ಷಗಟ್ಟಲೆ ಕಾದ ವಿಜಯ್, 2007ರ ‘ದುನಿಯಾ’ದಿಂದ ನಾಯಕರಾಗಿ, ಅದೇ ಚಿತ್ರಕ್ಕೆ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿಯನ್ನೂ ಪಡೆದರು. ಜಾತಿ, ಶಿಕ್ಷಣ, ಮನೆತನದ ಬಲವಿಲ್ಲದವನಿಗೂ ಚಿತ್ರರಂಗ ತೆರೆದಿಟ್ಟ ಕೆಲವೇ ಬಾಗಿಲುಗಳಲ್ಲಿ ಇದೂ ಒಂದು. ಅದರ ಮಹತ್ವವನ್ನು ಕಡೆಗಣಿಸಲಾಗದು.

ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನು ಗೆದ್ದವರ ಪಟ್ಟಿಯನ್ನಷ್ಟೇ ಓದಿ ಸುಮ್ಮನಾಗಬಾರದು. ಆಡಂ ಸ್ಮಿತ್ 1776ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಕೂಲಿಯ ಏರಿಳಿತವನ್ನು ಚರ್ಚಿಸುತ್ತ, ಕಷ್ಟದ, ಅಸಹ್ಯದ ಕೆಲಸಗಳಿಗೆ ಹೆಚ್ಚಿನ ಕೂಲಿ ಸಿಗುವುದು ಸಹಜವೆಂದು ಹೇಳುತ್ತಾನೆ. ಅದೇ ಅಧ್ಯಾಯದಲ್ಲಿ ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಯುವಕರು ಗೆಲುವಿನ ಸಾಧ್ಯತೆಯನ್ನು ದೊಡ್ಡದಾಗಿಯೂ ಸೋಲಿನ ಸಾಧ್ಯತೆಯನ್ನು ಚಿಕ್ಕದಾಗಿಯೂ ಕಾಣುತ್ತಾರೆ. ಸೈನಿಕ, ನಾವಿಕ ವೃತ್ತಿಗಳ ಅಪಾಯವೇ ಅವರನ್ನು ಸೆಳೆಯುತ್ತದೆ ಎಂಬುದು ಅವನ ಅಭಿಪ್ರಾಯ. ಲಾಟರಿಯ ಉದಾಹರಣೆಯನ್ನೂ ಅವನು ಅಲ್ಲಿಯೇ ಕೊಡುತ್ತಾನೆ. ನಮ್ಮ ಸಾಹಸ ಕಲಾವಿದನ ದಿನಗೂಲಿಯ ಲೆಕ್ಕ ಅರ್ಥವಾಗಬೇಕಾದರೆ ಈ ಎರಡನೆಯ ಮಾತು ಬೇಕು. ಅವನಿಗೆ ಸಿಗುವುದು ಕೂಲಿ ಮತ್ತು ಬೇಟಾ ಮಾತ್ರವಲ್ಲ, ಜೊತೆಗೊಂದು ಕಣ್ಣಿಗೆ ಕಾಣದ ಲಾಟರಿ ಚೀಟಿ. ‘ನಾಳೆ ನಾನೂ ಪ್ರಭಾಕರ್ ಆಗಬಹುದು’ ಎಂಬುದು ಅದರ ಮೇಲಿನ ಬರಹ. ಈ ಚೀಟಿಯ ಬೆಲೆಯನ್ನು ನಿರ್ಮಾಪಕ ಅವನ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಹೀಗಾಗಿ ಅಪಾಯಕ್ಕೆ ತಕ್ಕ ಪ್ರತಿಫಲವನ್ನು ಮಾರುಕಟ್ಟೆ ತಾನಾಗಿಯೇ ಕೊಡುತ್ತದೆ ಎಂಬ ಪಠ್ಯಪುಸ್ತಕದ ಭರವಸೆ ಇಲ್ಲಿ ಹುಸಿಯಾಗುತ್ತದೆ.

ಚೀಟಿ ಹುಸಿಯಾದವನೊಬ್ಬನನ್ನು ನಾನು ಬಲ್ಲೆ. ಕುರುಗೋಡಿನ ಸಮೀಪದ ಹಳ್ಳಿಯವನು. ಕುರುಗೋಡು ಆಗ ಬಳ್ಳಾರಿ ತಾಲ್ಲೂಕಿನ ಒಂದು ಹೋಬಳಿ, ಈಗ ಸ್ವತಂತ್ರ ತಾಲ್ಲೂಕು. ಊರನ್ನು ಸುತ್ತುವರಿದ ಕಲ್ಲುಬೆಟ್ಟಗಳನ್ನೂ ದೊಡ್ಡಬಸವೇಶ್ವರನ ಭಾರಿ ಏಕಶಿಲಾ ವಿಗ್ರಹವನ್ನೂ ನೋಡಿದವರಿಗೆ ಅಲ್ಲಿನ ಹುಡುಗರ ಗಟ್ಟಿ ಮೈಕಟ್ಟಿನ ಬಗ್ಗೆ ವಿವರಿಸಬೇಕಾಗಿಲ್ಲ. ಗರಡಿಯಲ್ಲಿ ಸಾಮು ಮಾಡುತ್ತಿದ್ದ ಈತ ಟೆಂಟಿನಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೂ ಇದ್ದ. ನಾನು ತಪಾಸಣೆಗೆ ಹೋದಾಗ ಬಕೆಟ್‌ಗಳನ್ನು ಸಾಲಾಗಿ ಇಟ್ಟು ತೋರಿಸುತ್ತಿದ್ದವನು ಅವನೇ. ಬೆಂಗಳೂರಿಗೆ ಹೋಗಿ ಫೈಟರ್ ಆಗುತ್ತೇನೆಂದು ಒಮ್ಮೆ ಹೇಳಿದಾಗ ನಾನು ನಕ್ಕು, ‘ಹೋಗಿ ಬಾ, ಪರದೆ ಮೇಲೆ ನೋಡೋಣ’ ಎಂದಿದ್ದೆ.

ಸುಮಾರು 15 ವರ್ಷಗಳ ನಂತರ, ನಾನು ಬೆಂಗಳೂರಿನ ಕಚೇರಿಯೊಂದರಲ್ಲಿದ್ದಾಗ, ಆತ ನನ್ನನ್ನು ಹುಡುಕಿಕೊಂಡು ಬಂದ. ಗೋಡೆ ಹಿಡಿದು ನಡೆಯುತ್ತಿದ್ದ. ಚಿತ್ರೀಕರಣದ ವೇಳೆ ರೋಪ್ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯ ಮೊದಲ ವಾರದ ಖರ್ಚನ್ನು ಯಾರೋ ಕೊಟ್ಟರು, ಆಮೇಲೆ ಯಾರೂ ಬರಲಿಲ್ಲ. ಪರಿಹಾರಕ್ಕೆ ಅರ್ಜಿ ಹಾಕಬೇಕೆಂದು ಅವನ ಆಸೆ. ನಾನು ರೂಢಿಯಂತೆ ಕೇಳಿದೆ: ಒಪ್ಪಂದ ಪತ್ರ ಇದೆಯೇ? ಇಲ್ಲ. ಕೂಲಿ ಪಡೆದ ರಸೀದಿ? ಇಲ್ಲ, ಕೈಗೆ ಕೊಡುತ್ತಿದ್ದರು. ಚಿತ್ರದ ಶೀರ್ಷಿಕೆಯಲ್ಲಿ ಹೆಸರು? ಫೈಟ್ ಮಾಸ್ಟರ್ ಹೆಸರು ಮಾತ್ರ ಇದೆ. ಹಾಗಾದರೆ ನೀನು ಆ ಚಿತ್ರದಲ್ಲಿ ದುಡಿದಿದ್ದಕ್ಕೆ ಪುರಾವೆ ಏನು? ಆತ ಚೀಲದಿಂದ ಒಂದು ವಿಸಿಡಿ ತೆಗೆದ. ಕಚೇರಿಯ ಕಂಪ್ಯೂಟರ್‌ನಲ್ಲಿ ಹಾಕಿಸಿ ನೋಡಿದೆವು. ನಾಯಕ ಮಹಡಿಯಿಂದ ಜಿಗಿಯುವ ದೃಶ್ಯ. ನಾಯಕನ ಅಂಗಿ ತೊಟ್ಟ ಒಬ್ಬ ಮನುಷ್ಯ ಕ್ಯಾಮೆರಾಕ್ಕೆ ಬೆನ್ನು ಮಾಡಿ ಓಡಿ ಹಾರುತ್ತಾನೆ. ‘ನೋಡ್ರಿ ಸಾಹೇಬ್ರೆ, ಈ ಬೆನ್ನು ನಂದು’ ಎಂದ.

ಆ ಬೆನ್ನು ಅವನದೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಯಾವ ಪ್ರಾಧಿಕಾರದ ಮುಂದೆ ನಿಂತು ಅದನ್ನು ಸಾಬೀತುಪಡಿಸುವುದು? ಡ್ಯೂಪ್ ಕಲಾವಿದನ ಕೌಶಲ ಇರುವುದೇ ತಾನು ಅಲ್ಲಿಲ್ಲ ಎಂದು ನಂಬಿಸುವುದರಲ್ಲಿ. ಕೆಲಸ ಚೆನ್ನಾಗಿ ಮಾಡಿದಷ್ಟೂ ಅವನ ಪುರಾವೆ ಅಳಿಯುತ್ತದೆ. ಕೊನೆಗೆ ನನ್ನಿಂದಾದದ್ದು ಅಂಗವಿಕಲರ ಮಾಸಾಶನದ ಅರ್ಜಿಯನ್ನು ತುಂಬಿಸಿ ಕಳುಹಿಸುವುದು ಮಾತ್ರ. ಆ ನಮೂನೆಯಲ್ಲಿ ಉದ್ಯೋಗ ಎಂಬ ಕಾಲಂ ಇತ್ತು. ‘ಕೂಲಿ’ ಎಂದು ಬರೆಯಲು ಹೇಳಿದವನು ನಾನೇ. ಅವನು ಮರುಮಾತಾಡದೆ ಬರೆದ. ಆ ಒಂದು ಪದ ನನ್ನನ್ನು ಈಗಲೂ ಕಾಡುತ್ತದೆ.

ಕಾನೂನು ಇರಲಿಲ್ಲವೆಂದಲ್ಲ. ಲಿಖಿತ ಒಪ್ಪಂದವಿಲ್ಲದೆ ಸಿನಿಮಾ ಕಾರ್ಮಿಕನನ್ನು ನೇಮಿಸಿಕೊಳ್ಳಬಾರದು ಎಂದು 1981ರ ಕೇಂದ್ರ ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು. ಅದೇ ವರ್ಷ ಸಿನಿಮಾ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆಯೂ ಬಂದಿತು. ಅನುಷ್ಠಾನ ಎಷ್ಟಾಯಿತೆಂಬುದಕ್ಕೆ ನನ್ನ ಮುಂದೆ ಕುಳಿತಿದ್ದವನೇ ಸಾಕ್ಷಿ. ಟೆಂಟಿನ ಬಕೆಟ್ ಎಣಿಸಲು ಒಬ್ಬ ಅಧಿಕಾರಿಯಿದ್ದ. ಚಿತ್ರೀಕರಣದ ಸ್ಥಳದಲ್ಲಿ ಒಪ್ಪಂದ ಪತ್ರ ಕೇಳಲು ಯಾರೂ ಇರಲಿಲ್ಲ. ವ್ಯತ್ಯಾಸವಿದ್ದದ್ದು ಇಷ್ಟರಲ್ಲೇ.

2016ರ ನವೆಂಬರ್ 7ರಂದು ನಡೆದ ದುರಂತವನ್ನು ಕನ್ನಡಿಗರು ಮರೆತಿರಲಾರರು. ಬೆಂಗಳೂರಿಗೆ ಕುಡಿಯುವ ನೀರು ಒದಗಿಸಲೆಂದು 1933ರಲ್ಲಿ ನಿರ್ಮಿಸಿದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರದ ಕೊನೆಯ ಸಾಹಸ ದೃಶ್ಯಕ್ಕಾಗಿ ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿದ ಅನಿಲ್ ಮತ್ತು ಉದಯ್ ಮತ್ತೆ ಮೇಲೆ ಬರಲಿಲ್ಲ. ಅವರೊಂದಿಗೆ ಜಿಗಿದಿದ್ದ ನಾಯಕ ವಿಜಯ್ ಪಾರಾದರು. ಅನಿಲ್ ಮತ್ತು ಉದಯ್ ಸಾಹಸ ಕಲಾವಿದರಾಗಿದ್ದು ಖಳನಟರಾಗಿ ಮೇಲೇರುತ್ತಿದ್ದವರು. ಪ್ರಭಾಕರ್ ನಡೆದ ಹಾದಿಯಲ್ಲೇ ನಡೆಯುತ್ತಿದ್ದವರು. ಅವರ ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿಲ್ಲ. ತನಗೆ ಅಷ್ಟಾಗಿ ಈಜು ಬಾರದೆಂದು ಉದಯ್ ಅದಕ್ಕೆ ಮೊದಲೇ ಟಿ.ವಿ. ಕ್ಯಾಮೆರಾ ಮುಂದೆ ಹೇಳಿಕೊಂಡಿದ್ದುದು ನಂತರ ಮನೆಮನೆಯ ಮಾತಾಯಿತು. ಅಂದರೆ ಅಪಾಯದ ಮಾಹಿತಿ ಗುಟ್ಟಾಗಿರಲಿಲ್ಲ. ‘ಆಗುವುದಿಲ್ಲ’ ಎಂದರೆ ಮುಂದಿನ ಅವಕಾಶ ಬೇರೆಯವರ ಪಾಲಾಗುವ ವೃತ್ತಿಯಲ್ಲಿ ಆ ಮಾಹಿತಿಗೆ ಬೆಲೆಯಿರಲಿಲ್ಲ. ಪ್ರಕರಣಗಳು ದಾಖಲಾದವು, ಚಿತ್ರ 2017ರ ಮೇ ತಿಂಗಳಲ್ಲಿ ತೆರೆಕಂಡಿತು. 2021ರ ಆಗಸ್ಟ್‌ನಲ್ಲಿ ಬಿಡದಿ ಸಮೀಪ ಇನ್ನೊಂದು ಚಿತ್ರದ ಸೆಟ್‌ನಲ್ಲಿ ಯುವ ಫೈಟರ್ ಒಬ್ಬ ವಿದ್ಯುತ್ ಆಘಾತಕ್ಕೆ ಬಲಿಯಾದ. 2025ರ ಜುಲೈನಲ್ಲಿ ತಮಿಳುನಾಡಿನ ನಾಗಪಟ್ಟಿಣಂ ಬಳಿ ಕಾರು ಉರುಳಿಸುವ ದೃಶ್ಯದಲ್ಲಿ ಅನುಭವಿ ಸಾಹಸ ಕಲಾವಿದ ಮೋಹನ್ ರಾಜ್ ಸತ್ತರು. ಆ ಬಳಿಕ ನಟ ಅಕ್ಷಯ್ ಕುಮಾರ್ ಸುಮಾರು 650 ಸಾಹಸ ಕಲಾವಿದರಿಗೆ ವಿಮೆ ಮಾಡಿಸಿದ ಸುದ್ದಿ ಬಂತು. ಅವರ ಔದಾರ್ಯ ಶ್ಲಾಘನೀಯ. ಆದರೆ ಕಾರ್ಮಿಕನ ಹಕ್ಕು ನಟನೊಬ್ಬನ ಔದಾರ್ಯವನ್ನು ಅವಲಂಬಿಸಬೇಕಾದ ಸ್ಥಿತಿ ಶ್ಲಾಘನೀಯವಲ್ಲ.

ಗೌರವದ ವಿಷಯದಲ್ಲಿ ಕಾಲ ಬದಲಾಗಿದೆ ಎಂಬುದು ನಿಜ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ 2017ರಿಂದ ಸಾಹಸ ಸಂಯೋಜನೆಗೂ ಸ್ಥಾನವಿದೆ, ‘ಕೆ.ಜಿ.ಎಫ್.’ ಚಿತ್ರದ ಎರಡೂ ಭಾಗಗಳಿಗೆ ಈ ಮನ್ನಣೆ ದೊರೆತಿದೆ. ಆಸ್ಕರ್ ಸಂಸ್ಥೆಯೂ 2027ರಲ್ಲಿ ತೆರೆಕಾಣುವ ಚಿತ್ರಗಳಿಂದ ಮೊದಲ್ಗೊಂಡು ಸಾಹಸ ವಿನ್ಯಾಸಕ್ಕೆ ಪ್ರಶಸ್ತಿ ಕೊಡಲು ನಿರ್ಧರಿಸಿದೆ. ಆದರೆ ಪ್ರಶಸ್ತಿ ಸಿಗುವುದು ಸಂಯೋಜಿಸಿದವರಿಗೆ. ಬೀಳುವವನ ಹೆಸರು ಅಲ್ಲಿಯೂ ಇಲ್ಲ.

ಕಾನೂನಿನ ಸ್ವರೂಪವೂ ಬದಲಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು 1981ರ ಎರಡೂ ಕಾಯ್ದೆಗಳನ್ನು ತಮ್ಮೊಳಗೆ ಸೇರಿಸಿಕೊಂಡಿವೆ. ದೃಶ್ಯ-ಶ್ರವ್ಯ ಕಾರ್ಮಿಕರ ಸಾಲಿನಲ್ಲಿ ಸಾಹಸ ಕಲಾವಿದರೂ ಬರುತ್ತಾರೆಂದು ಕೇಂದ್ರ ಸರ್ಕಾರ ಹೇಳಿದೆ. ರಾಜ್ಯವು 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆಯನ್ನು ರೂಪಿಸಿ, ಸಿನಿಮಾ ಟಿಕೆಟ್ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಲು ಅವಕಾಶ ಮಾಡಿಕೊಂಡಿದೆ. 150 ರೂಪಾಯಿಯ ಟಿಕೆಟ್ಟಿಗೆ ಹೆಚ್ಚೆಂದರೆ ಮೂರು ರೂಪಾಯಿ. ಪ್ರೇಕ್ಷಕನಿಗೆ ಇದು ಹೊರೆಯಾಗಲಾರದು.

ಹಣ ಕೂಡಿಸುವುದು ಸುಲಭ. ಅದು ಯಾರಿಗೆ ಸಲ್ಲಬೇಕೆಂದು ಗುರುತಿಸುವುದು ಕಷ್ಟ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಯಾವ ನಿಧಿಯೂ ತಲುಪದು. ಆದ್ದರಿಂದ ಮೂರು ಸಣ್ಣ ಕ್ರಮಗಳನ್ನು ಸೂಚಿಸಬಯಸುತ್ತೇನೆ. ಒಂದು, ಸಾಹಸ ದೃಶ್ಯವಿರುವ ಚಿತ್ರೀಕರಣಕ್ಕೆ ಸರ್ಕಾರಿ ಸ್ಥಳದಲ್ಲಿ ಅನುಮತಿ ನೀಡುವ ಮುನ್ನ, ಭಾಗವಹಿಸುವವರ ಹೆಸರು, ವಿಮಾ ಪತ್ರ, ಆಂಬುಲೆನ್ಸ್ ಮತ್ತು ರಕ್ಷಣಾ ವ್ಯವಸ್ಥೆಯ ವಿವರವನ್ನು ಕಡ್ಡಾಯವಾಗಿ ಪಡೆಯಬೇಕು. ಎರಡು, ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗೆ ಕೊಡುವ ಸಹಾಯಧನದ ಅರ್ಜಿಯೊಂದಿಗೆ ಇದೇ ದಾಖಲೆಗಳನ್ನು ಲಗತ್ತಿಸಬೇಕೆಂಬ ಷರತ್ತು ವಿಧಿಸಬೇಕು. ಸಹಾಯಧನ ನಿಲ್ಲುವ ಭಯ ಮಾಡುವ ಕೆಲಸವನ್ನು ತಪಾಸಣೆಯ ಭಯ ಮಾಡದು ಎಂಬುದು ನನ್ನ ಸೇವಾನುಭವ. ಮೂರು, ಡ್ಯೂಪ್ ಆಗಿ ದುಡಿದ ಪ್ರತಿಯೊಬ್ಬರ ಹೆಸರು ಚಿತ್ರದ ಶೀರ್ಷಿಕೆಯಲ್ಲಿ ಬರಬೇಕು. ಇದಕ್ಕೆ ಖರ್ಚಿಲ್ಲ. ನಾಯಕನ ಪ್ರತಿಷ್ಠೆಗೆ ಕುಂದು ಎಂಬ ವಾದವೊಂದಿದೆ. ಪ್ರೇಕ್ಷಕ ಅಷ್ಟು ಮುಗ್ಧನಲ್ಲ. ಸಿರುಗುಪ್ಪದ ಟೆಂಟಿನಲ್ಲಿ ನೆಲದ ಮೇಲೆ ಕುಳಿತು ನೋಡುತ್ತಿದ್ದವನಿಗೂ ಡ್ಯೂಪ್ ಎಂದರೇನೆಂದು ಗೊತ್ತಿತ್ತು.

ಪ್ರಭಾಕರ್ ಅವರ ಮಗ ವಿನೋದ್ ಇಂದು ನಾಯಕನಟ. ಒಂದು ತಲೆಮಾರಿನಲ್ಲಿ ಒಂದು ಕುಟುಂಬ ಗುಂಪಿನ ಅಂಚಿನಿಂದ ಪರದೆಯ ನಡುವಿಗೆ ಬಂದದ್ದು ಸಂತೋಷದ ವಿಷಯ. ಕುರುಗೋಡಿನ ಆ ಮನುಷ್ಯ ಈಗಿಲ್ಲ. ಕೆಲವು ವರ್ಷಗಳ ಹಿಂದೆ ಬಳ್ಳಾರಿಗೆ ಹೋಗಿದ್ದಾಗ ವಿಚಾರಿಸಿದೆ; ಮಾಸಾಶನ ಕೊನೆಯವರೆಗೂ ಬರುತ್ತಿತ್ತಂತೆ. ಆ ವಿಸಿಡಿಯನ್ನು ಅವನ ಮನೆಯವರು ಇನ್ನೂ ಇಟ್ಟುಕೊಂಡಿದ್ದಾರೆ. ಅದನ್ನು ಹಾಕಿ ನೋಡುವ ಯಂತ್ರ ಮಾತ್ರ ಈಗ ಅವರ ಬಳಿ ಇಲ್ಲ.